ಗಿಣಿ ಕರೆದ ‘ಬೇ’

ಮಾತಾಡುವ ಸಾಕುಗಿಣಿಯ ಕತೆಯೊಂದು ಟಿವಿಗೆ ಮಕ್ಕಳ ಧಾರಾವಾಹಿಯಾಗುತ್ತಿತ್ತು. ಗಿಣಿಯ ಪಾತ್ರಕ್ಕೆ ಹುಬ್ಬಳ್ಳಿ ಸಂತೆಯ ಪಂಜರದಿಂದ ಚಂಪವ್ವ ಎಂಬ ಗಿಣಿಯೇ ಬಂದಳು.

“ಹಸಿವಾಗೇತಿ, ಬಾ ಬೇ!” ಎಂದು ಕೂಗಿದಳು.

ದನಿ ಹಿಡಿದಿಡುವ ಸ್ಟುಡಿಯೋದ ಮೈಕು ಕೆಮ್ಮಿ, ತಾನೇ ಮಾತಾಡಿತು: “ಮಕ್ಕಳು ನೋಡುತ್ತಾರೆ, ಬೈಗುಳ ನಡೆಯದು. ‘ಬೇ’ ಬಿಡಿ, ಇಲ್ಲವೇ ಪಾತ್ರ ಬಿಡಿ.”

“ಬೈಗುಳ ಅಂದ್ರ ‘ಖೋಡಿ’. ‘ಬೇ’ ಅಂತ ನಾವು ಅವ್ವನ್ನ ಕರೀತೀವಿ, ಖೋಡಿ!”

“ಸಾಬೀತುಪಡಿಸಿ.”

ಚಂಪವ್ವ ಬಾಗಿಲ ಕಡೆ ಕತ್ತು ಚಾಚಿದಳು. ಪಾತ್ರ ಹೋದರೆ ಮತ್ತೆ ಸಂತೆಯ ಪಂಜರವೇ ಗತಿ. “ಅಮ್ಮಾ, ಬಾ” ಎಂದಳು, ಯಾರೂ ತಿರುಗಲಿಲ್ಲ. “ಬಾ ಬೇ!” ಎಂದಳು. ಹೊರಗೆ ಕಸ ಗುಡಿಸುತ್ತಿದ್ದ ಗದಗಿನ ಹೆಂಗಸು ಪೊರಕೆ ಸಮೇತ ಒಳಗೋಡಿ ಬಂದಳು.

“ಬಂದೆ ನನ್ನ ಕಂದಾ! ಎಲ್ಲಿದ್ದಿ?”

ಮೈಕು ಚಂಪವ್ವನ ಕಡೆ ಬಾಗಿತು.

“ಇನ್ನೊಮ್ಮೆ ಕರಿ ಬೇ,” ಎಂದಿತು, “ಈ ಸಲ ‘ಬೇ’ ಬಿಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತೇನೆ.”