ಫಾರಂನಲ್ಲಿಲ್ಲದ ಪೈಪು

ವೃದ್ಧಾಶ್ರಮದ ಮಂಚಕ್ಕೆ ನೇತುಹಾಕಿದ್ದ ಮೂತ್ರದ ಚೀಲ, ಪಕ್ಕದಲ್ಲಿದ್ದ ತಪಾಸಣೆ ಫಾರಂ ಓದಿ ಕೆರಳಿತು.

“ಸುಂದರಾಬಾಯಿ ಅಜ್ಜಿಗೆ ಮೂತ್ರದ ಪೈಪು ಹಾಕಿಲ್ಲ, ತಾವೇ ಶೌಚಾಲಯಕ್ಕೆ ಹೋಗುತ್ತಾರೆ ಅಂತ ಇದೆಯಲ್ಲ! ಹಾಗಾದರೆ ನಾನು ಯಾರು?”

“ಹೋದ ತಿಂಗಳ ಫಾರಂನಲ್ಲಿ ಹಾಗೇ ಇತ್ತು. ನರ್ಸ್ ಅದನ್ನೇ ನೋಡಿಕೊಂಡು ಬರೆದಿದ್ದಾರೆ,” ಎಂದಿತು ಫಾರಂ. “ನನ್ನಲ್ಲಿ ಒಂದು ಕಾಲಂ ಕೂಡ ಖಾಲಿಯಿಲ್ಲ, ಗೊತ್ತಾ?”

“ಎರಡು ದಿನಕ್ಕೆಂದು ಹಾಕಿದ ಪೈಪು ಇಪ್ಪತ್ತು ದಿನದಿಂದ ಅವರ ಮೈಯೊಳಗಿದೆ. ಈಗ ಚಳಿಜ್ವರ ಬೇರೆ! ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡಲು ಆ ನರ್ಸ್‌ಗೇನು ಧಾಡಿ?”

ಅಷ್ಟರಲ್ಲಿ ಡಾಕ್ಟರ್ ಬಂದರು. ಹೊದಿಕೆ ಸರಿಸದೆ ಫಾರಂ ಕೈಗೆತ್ತಿಕೊಂಡರು.

ಅಜ್ಜಿ ನಡುಗುತ್ತಾ, “ಡಾಕ್ಟ್ರೇ, ಈ ಪೈಪು ತೆಗೆಸಿ. ಉರಿ ತಡೆಯೋಕಾಗ್ತಿಲ್ಲ,” ಎಂದರು.

ಡಾಕ್ಟರ್ ಫಾರಂ ಮೇಲೆ ಬೆರಳಿಟ್ಟು ನಕ್ಕರು. “ಯಾವ ಪೈಪು ಅಜ್ಜಿ? ನಿಮಗೆ ಹಾಕೇ ಇಲ್ಲವಲ್ಲ.”