ಮೊದಲ ಕೊಡ

ಮಗಳಿಗೆ ಒಂದು ಜಡೆ ಹಾಕಿ ಇನ್ನೊಂದಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯ ಚೆನ್ನಕ್ಕನ ಕೂಗು: "ನಲ್ಲಿ ಬರೋ ಹೊತ್ತಾಯ್ತು, ಬಾರೇ." ನಮ್ಮ ಬೀದಿಯಲ್ಲಿ ಹಿಡಿದ ಕೆಲಸ ಮುಗಿಸಲು ಯಾರೂ ಬಿಡುವುದಿಲ್ಲ.

ಬೀದಿ ನಲ್ಲಿಯಲ್ಲಿ ಮೊದಲ ಕೊಡ ನೀರು ಯಾವಾಗಲೂ ಕೆಂಪಗೆ ಬರುತ್ತದೆ. ಅದಕ್ಕೇ ಮೊದಲು ಹಿಡಿಯುವ ಸರದಿಯನ್ನು ದಿನಕ್ಕೊಂದು ಮನೆಯಂತೆ ಹಂಚಿಕೊಂಡಿದ್ದೇವೆ. ಒಂದು ಸಲಕ್ಕೆ ಒಂದೇ ಕೊಡ. ಇನ್ನೊಂದು ಬೇಕೆಂದರೆ ಸಾಲಿನ ಕೊನೆಗೆ ಹೋಗಬೇಕು. ಆ ದಿನದ ಸರದಿ ನನ್ನದು. ಮಗಳ ಡಬ್ಬಿಗೆ ಅನ್ನ ಇಡಲು ಮನೆಯಲ್ಲಿ ಒಂದು ಲೋಟ ನೀರೂ ಇರಲಿಲ್ಲ.

ನಾನು ನಲ್ಲಿಯ ಮುಂದೆ ಬಂದು ನಿಂತೆ. ಆಗ ಮಹಡಿ ಮನೆಯ ಅಂಬುಜಮ್ಮ ಹಿತ್ತಾಳೆ ಕೊಡ ಹಿಡಿದು ಬಂದರು. ಅವರ ಬೋರ್‌ವೆಲ್ ಮೋಟಾರು ಕೆಟ್ಟಿತ್ತು.

"ನಾನು ಸಾಲಲ್ಲಿ ನಿಲ್ಲೋಳಲ್ಲ. ನಿನ್ನ ಕೊಡ ಹಿಂದಿಡು."

ನಾನು ಮುಖ ಸಣ್ಣ ಮಾಡಿಕೊಂಡೆ. "ಬೆಳಗ್ಗೆಯಿಂದ ಇಲ್ಲೇ ಇಟ್ಟಿದ್ದೆ ಅಮ್ಮಾವ್ರೇ. ಆದರೂ ನಿಮ್ಮ ಮುಂದೆ ನಾವೆಷ್ಟರವರು?" ಎಂದು ಕೊಡವನ್ನು ಹಿಂದೆ ಸರಿಸಿದೆ. ಉಳಿದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ನಲ್ಲಿ ಗೊರಗೊರ ಎಂದಿತು. ಅವರ ಕೊಡದ ತುಂಬ ಇಟ್ಟಿಗೆ ಬಣ್ಣದ ನೀರು. ಹಿಂದೆಯೇ ನನ್ನ ಕೊಡಕ್ಕೆ ತಿಳಿನೀರು ಬಿತ್ತು.

ಅಂಬುಜಮ್ಮ ತಮ್ಮ ಕೊಡ ನೋಡಿದರು, ನನ್ನ ಕೊಡ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕೆಂಪು ನೀರು ಚೆಲ್ಲಿ, ಸಾಲಿನ ಕೊನೆಗೆ ಹೋಗಿ ನಿಂತರು. ಅಲ್ಲಿದ್ದ ಚೆನ್ನಕ್ಕ ಸರದಿಯ ವಿಷಯವನ್ನು ಅವರ ಕಿವಿಗೆ ಹಾಕಿದಳು. ನಾನು ಕೊಡ ಎತ್ತಿ ಸೊಂಟಕ್ಕೇರಿಸಿ ಹೊರಟಾಗ ಅಂಬುಜಮ್ಮ ಮೆಲ್ಲಗೆ ಕರೆದರು.

ಇಡೀ ಸಾಲು ನನ್ನ ಕಡೆ ತಿರುಗಿತು.

"ಇವತ್ತಿನ ಸರದಿ ಯಾರದಿತ್ತಮ್ಮಾ?"