ವಿವರಣೆ ಬಿಟ್ಟ ಹೆಸರು

ಒಂದು ಡಿವಿಡಿಯಲ್ಲಿ ಸಿನಿಮಾವೂ, ಅದನ್ನು ನೋಡುತ್ತ ನಿರ್ದೇಶಕರು ಮಾತಾಡಿ ಮುದ್ರಿಸಿದ ವಿವರಣೆಯೂ ಒಟ್ಟಿಗೆ ಬಾಳುತ್ತಿದ್ದವು. ವಿವರಣೆ ಬಾಯಿ ತೆರೆದರೆ ಸಿನಿಮಾ ದನಿ ತಗ್ಗಿಸಬೇಕು, ಅದು ಅಲ್ಲಿನ ಕಟ್ಟಳೆ. ಹಾಗಾಗಿ ವಿವರಣೆಗೆ ಜಂಬ ತಲೆಗೇರಿತ್ತು.

ನಿರ್ದೇಶಕರು ತೀರಿಕೊಂಡ ಮೇಲೆ ಅವರ ಹೆಂಡತಿ ಅಂಬುಜಾಕ್ಷಿ ಒಂದು ಮಧ್ಯಾಹ್ನ ಡಿವಿಡಿ ಹಾಕಿ, ವಿವರಣೆಯನ್ನೇ ಕೇಳಲು ಕೂತರು.

"ನೋಡಿದೆಯಾ? ಅವರಿಗೆ ಬೇಕಾದದ್ದು ನಾನು. ನೀನು ಸುಮ್ಮನೆ ತುಟಿ ಆಡಿಸುತ್ತಿರು," ಎಂದಿತು ವಿವರಣೆ.

"ಆಗಲಿ, ತಾವೇ ಮಾತಾಡಿ," ಎಂದಿತು ಸಿನಿಮಾ.

ವಿವರಣೆ ಮಳೆಯ ದೃಶ್ಯಕ್ಕೆ ನೀರು ತಂದ ಟ್ಯಾಂಕರಿನವನನ್ನು ಹೊಗಳಿತು, ಕ್ರೇನ್ ಕೊಟ್ಟವರನ್ನು ನೆನೆಯಿತು. ನಾಯಕಿಯ ಹಸಿರು ಲಂಗ ಕಂಡಾಗ, "ಈ ಬಣ್ಣ ನನಗೆ ಕನಸಿನಲ್ಲಿ ಹೊಳೆದದ್ದು," ಎಂದಿತು. ತಮ್ಮ ಮದುವೆಯ ರೇಷ್ಮೆ ಸೀರೆಯನ್ನೇ ಕತ್ತರಿಸಿ ಆ ಲಂಗ ಹೊಲಿದವರು ಅಂಬುಜಾಕ್ಷಿ. ಇನ್ನೇನು ತಮ್ಮ ಹೆಸರು ಬರಬಹುದೆಂದು ಅವರು ಕುರ್ಚಿಯನ್ನು ಟಿ.ವಿ.ಯ ಹತ್ತಿರಕ್ಕೆ ಎಳೆದುಕೊಂಡರು.

ಅದನ್ನು ಕಂಡು ವಿವರಣೆ ಆ ಹೆಸರಿಗಾಗಿ ತನ್ನೊಳಗೆಲ್ಲ ತಡಕಾಡಿತು. ಎಲ್ಲೂ ಇರಲಿಲ್ಲ. ಧ್ವನಿಮುದ್ರಣದ ದಿನ ಆಡದೆ ಬಿಟ್ಟ ಮಾತನ್ನು ಈಗ ಆಡುವಂತಿರಲಿಲ್ಲ, ಅಂದು ಆಡಿದ್ದನ್ನು ನುಂಗುವಂತೆಯೂ ಇರಲಿಲ್ಲ. ಚಿತ್ರ ಮುಗಿಯುತ್ತಲೇ ಅದು ಹೇಳಲೇಬೇಕಾಯಿತು: "ಇನ್ನು ಬರುವುದು ಬರೀ ಹೆಸರುಗಳು. ನೋಡುವಂಥದ್ದೇನಿಲ್ಲ, ನಿಲ್ಲಿಸಿಬಿಡಿ. ನಮಸ್ಕಾರ."

ಗಂಡನ ಮಾತನ್ನು ಎಂದೂ ಮೀರದ ಅಂಬುಜಾಕ್ಷಿ ಕಣ್ಣೊರೆಸಿಕೊಂಡು ಟಿ.ವಿ. ಆರಿಸಿದರು.

"ನೀನಾದರೂ ಹೇಳಬಾರದಿತ್ತೇ?" ಎಂದು ವಿವರಣೆ ಕೇಳಿತು.

"ಹೇಳಲಿದ್ದೆ," ಎಂದಿತು ಸಿನಿಮಾ. "ಮುಂದಿನ ಸಾಲೇ ಅವರ ಹೆಸರಾಗಿತ್ತು."